ಬರೆಯದೆ ಉಳಿದ ಉತ್ತರಗಳು

1969ರಲ್ಲಿ ಬ್ರಿಟನ್ನಿನ ಸಾವಿರಾರು ಮಕ್ಕಳ ಮುಂದೆ ಅವರವರ ಶಾಲೆಯಲ್ಲೇ ಒಂದೊಂದು ಹಾಳೆ ಇಟ್ಟು, ನಿನಗೀಗ ಇಪ್ಪತ್ತೈದು ವರ್ಷವಾಗಿದೆ ಎಂದುಕೋ, ನಿನ್ನ ಮನೆ, ಕೆಲಸ, ಹವ್ಯಾಸಗಳ ಬಗ್ಗೆ ಬರೆ ಎಂದು ಹೇಳಲಾಯಿತು. ಕೊಟ್ಟ ಸಮಯ ಅರ್ಧ ಗಂಟೆ. ಆಗ ಆ ಮಕ್ಕಳಿಗೆ ಹನ್ನೊಂದು ವರ್ಷ. ಎಲ್ಲರೂ 1958ರ ಮಾರ್ಚ್ ತಿಂಗಳ ಒಂದೇ ವಾರದಲ್ಲಿ ಹುಟ್ಟಿದವರು. 13 ಸಾವಿರಕ್ಕೂ ಹೆಚ್ಚು ಪ್ರಬಂಧಗಳು ಬಂದವು. ಅವುಗಳಲ್ಲಿ ಬಹುಪಾಲು ಈಗ ಟೈಪಾಗಿ ಸಂಶೋಧಕರಿಗೆ ಸಿಗುತ್ತವೆ. ಸಾಹಿತ್ಯ ಓದುವವರಿಗೆ ಆಸೆ ಹುಟ್ಟಿಸುವ ಕಡತ ಇದು. ಒಂದು ತಲೆಮಾರು ತನ್ನ ನಾಳೆಯನ್ನು ಕಲ್ಪಿಸಿಕೊಂಡು ಬರೆದದ್ದು ಒಂದು ಕಡೆ, ಆ ನಾಳೆ ನಿಜಕ್ಕೂ ಹೇಗೆ ಬಂತು ಎಂಬ ದಾಖಲೆ ಅದರ ಪಕ್ಕದಲ್ಲೇ.

ಈ ಪ್ರಬಂಧಗಳ ಬಗ್ಗೆ ಓದುವಾಗೆಲ್ಲ ನನಗೆ ಏಳುವ ಪ್ರಶ್ನೆ ಒಂದೇ. ಯಾರು ಬರೆಯಲಿಲ್ಲ? ಜ್ವರ ಬಂದು ಮನೆಯಲ್ಲಿ ಉಳಿದವರು, ವಲಸೆ ಹೋದವರು, ತಾಯ್ತಂದೆ ಬೇಡ ಎಂದವರು ಇದ್ದೇ ಇರುತ್ತಾರೆ. ಅವರನ್ನು ಬಿಡಿ. ಪೆನ್ಸಿಲ್ ಹಿಡಿದು ಕೂತೂ ಒಂದು ವಾಕ್ಯ ಮೂಡದವರು, ವಾಕ್ಯ ಮೂಡೀತೆಂದು ಯಾರೂ ನಿರೀಕ್ಷಿಸದ್ದರಿಂದ ಹಾಳೆಯನ್ನೇ ಪಡೆಯದವರು ಎಲ್ಲಿಗೆ ಹೋದರು? ಒಂದೇ ಮಗುವನ್ನು ಹುಟ್ಟಿನಿಂದ ಮುಪ್ಪಿನವರೆಗೆ ಹಿಂಬಾಲಿಸುವ ಈ ಬಗೆಯ ಸಂಶೋಧನೆಯನ್ನು ಕೋಹಾರ್ಟ್ ಅಧ್ಯಯನ ಎನ್ನುತ್ತಾರೆ. ವಿಶೇಷ ಶಿಕ್ಷಣದ ಅಗತ್ಯವಿರುವ ಮಗು ಎದುರಾದಾಗ ಅದು ಏನು ಮಾಡುತ್ತದೆ ಎಂಬುದನ್ನು ನೋಡಿದರೆ ಆ ಅಧ್ಯಯನದ ಕಣ್ಣು ಎಲ್ಲಿದೆ ಎಂದು ಗೊತ್ತಾಗುತ್ತದೆ.

1958ರ ಅಧ್ಯಯನ ಶುರುವಾದದ್ದು ಶಿಶುಮರಣದ ಕಾರಣ ಹುಡುಕಲಿಕ್ಕೆ. ಆ ವಾರ ಹುಟ್ಟಿದ 17 ಸಾವಿರಕ್ಕೂ ಹೆಚ್ಚು ಕೂಸುಗಳ ವಿವರ ಸಿಕ್ಕಿತು. ಅವರಲ್ಲಿ ಬದುಕುಳಿದವರನ್ನು ಏಳನೆಯ ವರ್ಷದಲ್ಲಿ, 1965ರಲ್ಲಿ, ಮತ್ತೆ ಹುಡುಕಿದರು. ಆಮೇಲೆ ಹನ್ನೊಂದಕ್ಕೆ, ಹದಿನಾರಕ್ಕೆ, ಇಪ್ಪತ್ತಮೂರಕ್ಕೆ, ಹೀಗೆ ಅದು ಮುಂದುವರಿಯಿತು. ಹುಡುಕುವ ದಾರಿ ಮುಖ್ಯವಾಗಿ ಶಾಲೆ. ಏಳನೆಯ ವರ್ಷದಲ್ಲಿ ಓದಿನ ಪರೀಕ್ಷೆಯೊಂದು, ಲೆಕ್ಕದ್ದೊಂದು, ಚಿತ್ರಾಕೃತಿಗಳನ್ನು ನೋಡಿ ನಕಲು ಮಾಡುವುದೊಂದು, ಜೊತೆಗೆ ಒಬ್ಬ ಮನುಷ್ಯನ ಚಿತ್ರ ಬರೆಯುವುದು. ಈ ಕೊನೆಯದು ನನಗೆ ಇಷ್ಟ. ಅಕ್ಷರ ಬಾರದ ಮಗುವೂ ತಲೆಗೊಂದು ಸೊನ್ನೆ, ಕೈಗೆರಡು ಗೀಟು ಎಳೆಯುತ್ತದೆ. ಬೆರಳು ಎಷ್ಟು ಹಾಕಿತು, ಕಿವಿ ಮರೆಯಿತೇ, ಕುತ್ತಿಗೆ ಇದೆಯೇ ಎಂದು ನೋಡಿ ಅಂಕ ಕೊಡುತ್ತಾರೆ. ಕೊಡುವ ಅಂಕ ಎಷ್ಟು ನಂಬುವಂಥದ್ದು ಎಂಬುದು ಬೇರೆ ಮಾತು. ಆ ಮಗು ಕಾಗದದ ಮೇಲೆ ಏನೋ ಒಂದನ್ನು ಇಟ್ಟಿತಲ್ಲ, ಅಷ್ಟಾದರೂ ಉಳಿಯಿತು.

ಆದರೆ ಶಾಲೆಯ ಬಾಗಿಲಿಗೇ ಬಾರದವರಿದ್ದರು. ಇಂಗ್ಲೆಂಡ್ ಮತ್ತು ವೇಲ್ಸ್‌ನ 1944ರ ಶಿಕ್ಷಣ ಕಾಯಿದೆಯಲ್ಲಿ ಕೆಲವು ಮಕ್ಕಳನ್ನು ಶಾಲೆಯಲ್ಲಿ ಶಿಕ್ಷಣ ಕೊಡಲು ಬಾರದವರು ಎಂದು ಬೇರ್ಪಡಿಸಲು ಅವಕಾಶವಿತ್ತು. ಅಂಥವರು ಶಿಕ್ಷಣ ಇಲಾಖೆಯ ಕೈಬಿಟ್ಟು ಆರೋಗ್ಯ ಇಲಾಖೆಯ ಪಾಲಾಗುತ್ತಿದ್ದರು. ಅವರಿಗಿದ್ದದ್ದು ಪಾಠಶಾಲೆಯಲ್ಲ, ತರಬೇತಿ ಕೇಂದ್ರ, ಇಲ್ಲವೇ ಆಸ್ಪತ್ರೆಯ ವಾರ್ಡು. 1970ರಲ್ಲಿ ಬಂದ ಹೊಸ ಕಾಯಿದೆ ಇದನ್ನು ರದ್ದು ಮಾಡಿತು. ಅದು ಜಾರಿಗೆ ಬಂದದ್ದು 1971ರ ಏಪ್ರಿಲ್‌ನಲ್ಲಿ. ನಮ್ಮ ಮಾರ್ಚ್ 1958ರ ಮಗುವಿನ ಲೆಕ್ಕ ಹಾಕಿ ನೋಡಿ. ಏಳನೆಯ ವರ್ಷದ ಪರೀಕ್ಷೆಯ ಹೊತ್ತಿಗೆ ಅದು ಕಾನೂನಿನ ಪ್ರಕಾರ ಕಲಿಸಲಾಗದ್ದು. ಪ್ರಬಂಧ ಬರೆಯಿಸಿದ ಹನ್ನೊಂದನೆಯ ವರ್ಷದಲ್ಲೂ ಹಾಗೇ. ಹದಿಮೂರಕ್ಕೆ ಕಾಲಿಟ್ಟ ಮರುತಿಂಗಳು ಇದ್ದಕ್ಕಿದ್ದಂತೆ ಅದು ವಿದ್ಯಾರ್ಥಿ. ಮಗು ಬದಲಾಗಿಲ್ಲ. ಅದಕ್ಕೆ ಇಪ್ಪತ್ತಾಗುವಾಗ ವಾರ್ನಾಕ್ ಸಮಿತಿಯ ವರದಿ ಬಂತು. ಹಳೆಯ ಅಂಗವೈಕಲ್ಯದ ವರ್ಗಗಳನ್ನೆಲ್ಲ ಪಕ್ಕಕ್ಕಿಟ್ಟು ವಿಶೇಷ ಶೈಕ್ಷಣಿಕ ಅಗತ್ಯ ಎಂಬ ಮಾತನ್ನು ಚಾಲ್ತಿಗೆ ತಂದ ಆ 1978ರ ವರದಿ, ಐದರಲ್ಲಿ ಒಂದು ಮಗುವಿಗೆ ಓದಿನ ಅವಧಿಯಲ್ಲಿ ಯಾವಾಗಲಾದರೊಮ್ಮೆ ಈ ಅಗತ್ಯ ಬೀಳಬಹುದು ಎಂದು ಅಂದಾಜಿಸಿತು. 1981ರ ಕಾಯಿದೆ ಅದನ್ನು ಒಪ್ಪಿದಾಗ ನಮ್ಮ ಮಗುವಿಗೆ ಇಪ್ಪತ್ತಮೂರು.

ದೀರ್ಘ ಅಧ್ಯಯನದ ಮೊದಲ ಕಷ್ಟ ಇದು. ಅದು ಹಿಂಬಾಲಿಸುವುದು ಮಗುವನ್ನು. ಮಗುವಿಗೆ ಅಂಟಿಸಿದ ಚೀಟಿ ಮಾತ್ರ ಕಾಲಕಾಲಕ್ಕೆ ಬದಲಾಗುತ್ತದೆ. ಆ ಚೀಟಿ ಯಾರ ಕೈಯಲ್ಲಿದೆ ಎಂಬುದೂ ಮುಖ್ಯ. ಗ್ರೆನಡಾದಿಂದ ಬಂದು ಲಂಡನ್ನಿನಲ್ಲಿ ಪಾಠ ಮಾಡುತ್ತಿದ್ದ ಬರ್ನಾರ್ಡ್ ಕೋರ್ಡ್ 1971ರಲ್ಲಿ ಒಂದು ಚಿಕ್ಕ ಪುಸ್ತಕ ಬರೆದು, ಬುದ್ಧಿ ಕಡಿಮೆಯವರಿಗೆಂದು ನಡೆಸುತ್ತಿದ್ದ ಶಾಲೆಗಳಲ್ಲಿ ಕೆರಿಬಿಯನ್ ವಲಸಿಗರ ಮಕ್ಕಳು ತಮ್ಮ ಪ್ರಮಾಣಕ್ಕೆ ಮೀರಿ ತುಂಬಿದ್ದಾರೆ ಎಂದು ತೋರಿಸಿದ. ಮಕ್ಕಳ ಮಾತಿನ ಧಾಟಿ, ಪರೀಕ್ಷೆಯ ಭಾಷೆ, ಮೇಷ್ಟರ ನಿರೀಕ್ಷೆ ಮೂರೂ ಸೇರಿ ಆ ಚೀಟಿಯನ್ನು ಅಂಟಿಸಿವೆ ಎಂಬುದು ಅವನ ವಾದವಾಗಿತ್ತು.

ಬ್ರಿಟನ್ನಿನ ಹಳೆಯ ಕಥೆ ಸಾಕು. ಈ ಕಷ್ಟವನ್ನು ನೇರವಾಗಿ ಎದುರಿಸಿದ್ದು ಜರ್ಮನಿಯ ರಾಷ್ಟ್ರೀಯ ಶೈಕ್ಷಣಿಕ ಪ್ಯಾನೆಲ್ ಅಧ್ಯಯನ. ಬಾಂಬೆರ್ಗ್ ನಗರವನ್ನು ಕೇಂದ್ರ ಮಾಡಿಕೊಂಡು 2009ರಲ್ಲಿ ಹೊರಟ ಅದು ಹಸುಗೂಸಿನಿಂದ ವಯಸ್ಕರವರೆಗೆ ಆರು ಗುಂಪುಗಳಲ್ಲಿ 60 ಸಾವಿರಕ್ಕೂ ಹೆಚ್ಚು ಜನರನ್ನು ಹಿಂಬಾಲಿಸತೊಡಗಿತು. ಅದೇ ವರ್ಷ ಜರ್ಮನಿ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿತು. ಅಲ್ಲಿ ವಿಶೇಷ ಶಾಲೆಗಳೆಂಬ ಪ್ರತ್ಯೇಕ ವ್ಯವಸ್ಥೆಗೆ ದೊಡ್ಡ ಇತಿಹಾಸವಿದೆ. ಅವುಗಳಿಗೆ ಹೋಗುವವರಲ್ಲಿ ದೊಡ್ಡ ಗುಂಪು ಕುರುಡರದೂ ಅಲ್ಲ, ಕಿವುಡರದೂ ಅಲ್ಲ, ಕಲಿಕೆಯಲ್ಲಿ ಹಿಂದೆ ಬಿದ್ದವರು ಎಂದು ಗುರುತಿಸಲಾದವರದು. ಈ ಶಾಲೆಗಳಿಂದ ಹೊರಬೀಳುವವರಲ್ಲಿ ಬಹುಪಾಲು ಮಕ್ಕಳಿಗೆ ಕನಿಷ್ಠ ಮಟ್ಟದ ಶಾಲಾ ಪ್ರಮಾಣಪತ್ರವೂ ಇರುವುದಿಲ್ಲ. ಅವರನ್ನು ಬೇರೆ ಕೂರಿಸಿದ್ದರಿಂದ ಉಪಕಾರವಾಯಿತೇ ಅಪಕಾರವಾಯಿತೇ ಎಂಬ ಜಗಳಕ್ಕೆ ಅಲ್ಲಿ ಕೊನೆಯಿಲ್ಲ. ವರ್ಷಗಟ್ಟಲೆ ಅವರ ಕಲಿಕೆಯನ್ನು ಅಳೆದು ನೋಡಿದರೆ ಒಂದು ಉತ್ತರ ಸಿಕ್ಕೀತು ಎಂಬ ಆಸೆಯಿಂದ ಅಧ್ಯಯನದವರು ಐದನೆಯ ಮತ್ತು ಒಂಬತ್ತನೆಯ ತರಗತಿಯ ಗುಂಪುಗಳಿಗೆ ಈ ವಿಶೇಷ ಶಾಲೆಗಳ ಮಕ್ಕಳನ್ನೂ ಬೇಕೆಂದೇ ಸೇರಿಸಿಕೊಂಡರು. ಪಿಸಾ ಪರೀಕ್ಷೆಯ ನಿಯಮ ಒಂದು ದೇಶಕ್ಕೆ ಒಟ್ಟು ಶೇಕಡಾ 5ರಷ್ಟು ಮಕ್ಕಳನ್ನು ಹೊರಗಿಡಲು ಬಿಡುತ್ತದೆ. ಆ ಸಲೀಸು ದಾರಿ ಇವರಿಗೆ ಬೇಡವಾಯಿತು.

ಕೈಯಲ್ಲಿದ್ದ ಓದಿನ ಪರೀಕ್ಷೆ ಹೀಗಿತ್ತು. ಐದು ಬಗೆಯ ಬರಹಗಳು: ಮಾಹಿತಿ ಕೊಡುವುದು, ವಾದ ಮಾಡುವುದು, ಕಥೆ, ಹೀಗೆ ಮಾಡಿ ಎಂದು ಸೂಚನೆ ಕೊಡುವುದು, ಜಾಹೀರಾತು. ಪ್ರತಿಯೊಂದರ ಕೆಳಗೆ ಆಯ್ಕೆಯ ಪ್ರಶ್ನೆಗಳು. ಹೆಚ್ಚುಕಡಿಮೆ ಅರ್ಧ ಗಂಟೆ. ಸಾಮಾನ್ಯ ಶಾಲೆಯ ಮಕ್ಕಳಿಗೆಂದು ಹೊಲಿದ ಅಂಗಿ ಇದು, ಈ ಮಕ್ಕಳಿಗೆ ದೊಗಳೆಯಾದೀತು ಎಂದು ಅವರಿಗೂ ಗೊತ್ತಿತ್ತು. ಹಾಗಾಗಿ ಎರಡು ಮಾರ್ಪಾಡು ಮಾಡಿ ಪ್ರಯೋಗಕ್ಕಿಟ್ಟರು. ಒಂದರಲ್ಲಿ ಪ್ರಶ್ನೆಗಳನ್ನು ಕಡಿಮೆ ಮಾಡಿದರು, ಇನ್ನೊಂದರಲ್ಲಿ ಪರೀಕ್ಷೆಯನ್ನೇ ಸುಲಭ ಮಾಡಿದರು. ಹೋಲಿಸಿ ನೋಡಲು ಸಾಮಾನ್ಯ ಶಾಲಾ ವ್ಯವಸ್ಥೆಯ ಅತ್ಯಂತ ಕೆಳಗಿನ ಮೆಟ್ಟಿಲಾದ ಹೌಪ್ಟ್‌ಶೂಲೆಯ ಮಕ್ಕಳಿಗೂ ಅವನ್ನೇ ಕೊಟ್ಟರು.

ಬಂದ ಫಲಿತಾಂಶವನ್ನು ಸಂಶೋಧಕರು 2015 ಮತ್ತು 2016ರಲ್ಲಿ ಮುಚ್ಚುಮರೆಯಿಲ್ಲದೆ ಪ್ರಕಟಿಸಿದರು. ಹೌಪ್ಟ್‌ಶೂಲೆಯ ಮಕ್ಕಳಲ್ಲಿ ಮಾರ್ಪಟ್ಟ ಪರೀಕ್ಷೆಗಳು ಸರಿಯಾಗಿ ಕೆಲಸ ಮಾಡಿದವು. ಅವರ ಅಂಕಗಳು ಕಡಿಮೆ, ಆದರೆ ಅದೇ ಅಳತೆಯ ಮೇಲೆ ಕಡಿಮೆ. ವಿಶೇಷ ಶಾಲೆಯ ಮಕ್ಕಳಲ್ಲಿ ಮೂರರಲ್ಲಿ ಒಂದು ಪರೀಕ್ಷೆಯೂ ಹಿಡಿತಕ್ಕೆ ಬರಲಿಲ್ಲ. ಮಾರ್ಪಾಡಿನಿಂದ ಖಾಲಿ ಬಿಟ್ಟ ಉತ್ತರಗಳು ಕಡಿಮೆಯಾದದ್ದು ನಿಜ. ಆದರೆ ಬಂದ ಅಂಕವನ್ನು ಸಾಮಾನ್ಯ ಶಾಲೆಯ ಮಗುವಿನ ಅಂಕದ ಪಕ್ಕ ಇಟ್ಟು ಹೋಲಿಸಲು ಆಗಲಿಲ್ಲ. ಏಕೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಂದು ಪರೀಕ್ಷೆ ಅಳತೆಗೋಲಾಗಬೇಕಾದರೆ ಅದರ ಸುಲಭ ಪ್ರಶ್ನೆ ಎಲ್ಲರಿಗೂ ಸುಲಭವಾಗಿರಬೇಕು, ಕಠಿಣದ್ದು ಎಲ್ಲರಿಗೂ ಕಠಿಣವಾಗಿರಬೇಕು. ಒಂದು ಗುಂಪಿನಲ್ಲಿ ಈ ಮೆಟ್ಟಿಲುಗಳೇ ಅದಲುಬದಲಾದರೆ, ಇಬ್ಬರು ಮಕ್ಕಳಿಗೂ ಹನ್ನೆರಡು ಅಂಕ ಬಂದರೂ ಆ ಎರಡು ಹನ್ನೆರಡು ಬೇರೆ ಬೇರೆ. ಒಂದು ಊರಿನ ಸೇರಿನಲ್ಲಿ ಅಳೆದ ರಾಗಿಯನ್ನು ಇನ್ನೊಂದು ಊರಿನ ಸೇರಿನ ರಾಗಿಯ ಜೊತೆ ಲೆಕ್ಕ ಹಾಕಿದ ಹಾಗೆ. ಎರಡಕ್ಕೂ ಹೆಸರು ಸೇರೇ, ಹಿಡಿಸುವುದು ಬೇರೆ.

ಒಂದು ಅಧ್ಯಯನ ತನ್ನ ಅಳತೆಗೋಲು ಇಲ್ಲಿ ಸೋತಿತು ಎಂದು ತಾನೇ ಬರೆದುಕೊಳ್ಳುವುದು ಅಪರೂಪ. ಹಾಗೆ ಮಾಡದೆ ಅಂಕಗಳನ್ನು ಕೂಡಿಸಿ, ವಿಶೇಷ ಶಾಲೆಯ ಮಕ್ಕಳು ಇಷ್ಟು ಹಿಂದಿದ್ದಾರೆ ಎಂದು ಒಂದು ಪಟ್ಟಿ ಹಾಕಿಬಿಡಬಹುದಿತ್ತು. ಪತ್ರಿಕೆಗಳು ಅದನ್ನು ಶೀರ್ಷಿಕೆ ಮಾಡುತ್ತಿದ್ದವು.

ನನ್ನ ತಕರಾರು ಅದರ ಮುಂದಿನ ಹೆಜ್ಜೆಯ ಬಗ್ಗೆ. ಅಳತೆ ಏಕೆ ಕೆಟ್ಟಿತು ಎಂದು ಕೆದಕಿದ ಸಂಶೋಧಕರು ಪರೀಕ್ಷೆ ಬರೆಯುವ ರೀತಿಯತ್ತ ತಿರುಗಿದರು. ಊಹೆಯ ಮೇಲೆ ಗುರುತು ಹಾಕಿದವರು, ಸಾಲುಸಾಲಾಗಿ ಬಿಟ್ಟವರು, ಸೂಚನೆಯಂತೆ ನಡೆಯದವರು. ಅಂಥವರನ್ನು ಅಂಕಿಅಂಶದ ಜರಡಿ ಹಿಡಿದು ಬೇರೆ ಮಾಡಿದರೆ, ಉಳಿದ ಕೆಲವರ ಅಂಕಗಳು ನಂಬುವಂಥವಾಗುತ್ತವೆ. ಲೆಕ್ಕ ಸರಿಯಾಗಿದೆ. ಆದರೆ ಈ ಜರಡಿಯಲ್ಲಿ ಕೆಳಗೆ ಬಿದ್ದವರು ಯಾರು? ವಿಶೇಷ ಶಾಲೆಯೊಳಗೂ ಎಲ್ಲರಿಗಿಂತ ಕಷ್ಟದಲ್ಲಿದ್ದವರು. ಮೊದಲು ದೇಶದ ಲೆಕ್ಕದಿಂದ ಹೊರಗಿದ್ದವರನ್ನು ಒಳಗೆ ಕರೆದು, ಆಮೇಲೆ ಹಿತ್ತಲ ಬಾಗಿಲಿನಿಂದ ಕಳಿಸಿದಂತಾಯಿತು. ಸೂಚನೆಯಂತೆ ನಡೆಯಲಿಲ್ಲ ಎಂಬ ವಿವರಣೆಯಲ್ಲಿ ತಪ್ಪು ಮೆಲ್ಲಗೆ ಮಗುವಿನ ಹೆಗಲಿಗೆ ಜಾರಿರುವುದೂ ನನಗೆ ಹಿಡಿಸಲಿಲ್ಲ. ಮಾರ್ಪಾಡುಗಳಲ್ಲಿ ಬದಲಾದದ್ದು ಪ್ರಶ್ನೆಗಳ ಸಂಖ್ಯೆ ಮತ್ತು ಕಷ್ಟ. ಗುಂಪಿನಲ್ಲಿ ಕೂತು, ಗಡಿಯಾರದ ಕೆಳಗೆ, ಕಾಗದದ ಮೇಲಿನ ಆಯ್ಕೆಗಳಿಗೆ ಗುರುತು ಹಾಕುವ ಕ್ರಮ ಬದಲಾಗಲಿಲ್ಲ. ನಾಲ್ಕು ಆಯ್ಕೆ ಕೊಟ್ಟರೆ ಏನೂ ಓದದವನಿಗೂ ನಾಲ್ಕರಲ್ಲಿ ಒಂದು ಸರಿಯಾಗುತ್ತದೆ. ಓದಲು ಒದ್ದಾಡುವ ಮಗುವಿಗೆ ಊಹೆಯೇ ಬುದ್ಧಿವಂತಿಕೆಯ ದಾರಿ.

ಒಬ್ಬೊಬ್ಬರ ಪಕ್ಕ ಕೂತು ಓದಿಸಲು ಖರ್ಚೆಷ್ಟು ಎಂದು ಅವರು ಕೇಳಬಹುದು. ಕೇಳಲಿ. ನಮ್ಮ ದೇಶದ ಅಸರ್ ಸಮೀಕ್ಷೆ 2005ರಿಂದ ಹಳ್ಳಿಹಳ್ಳಿಗೆ ಹೋಗಿ, ಮನೆಯ ಜಗುಲಿಯ ಮೇಲೆ ಮಗುವಿನ ಪಕ್ಕ ಕೂತು, ಒಂದು ಹಾಳೆಯಿಂದ ಅಕ್ಷರ, ಪದ, ಪುಟ್ಟ ಪ್ಯಾರಾ, ಕಥೆ ಓದಿಸಿಕೊಂಡು ಬರುತ್ತಿದೆ. ಅದು ಒರಟು ಅಳತೆ. ಅದೇ ಮಗುವನ್ನು ವರ್ಷವರ್ಷ ಹಿಂಬಾಲಿಸುವುದೂ ಇಲ್ಲ. ಆದರೂ ಲಕ್ಷಾಂತರ ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿ ಕೇಳಬಹುದು ಎಂಬುದಕ್ಕೆ ಅದು ಸಾಕ್ಷಿ. ಅಲ್ಲಿ ಅಕ್ಷರವೂ ಬಾರದ ಮಗುವಿಗೂ ಒಂದು ಮೆಟ್ಟಿಲಿದೆ. ಅದು ಪಟ್ಟಿಯ ಹೊರಗೆ ಬೀಳುವುದಿಲ್ಲ.

ಇಷ್ಟು ಬರೆದ ಮೇಲೆ ನನ್ನದೂ ಒಂದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಹಿಂದೊಮ್ಮೆ ಕೆಲವು ವರ್ಷ ಶಾಲೆಯೊಂದರಲ್ಲಿ ಪಾಠ ಮಾಡುತ್ತಿದ್ದೆ. ಕಲಿಕಾ ಮಟ್ಟದ ಪರೀಕ್ಷೆ ಬಂತು. ಕೊನೆಯ ಬೆಂಚಿನ ಹುಡುಗನೊಬ್ಬ ಎಲ್ಲ ಪ್ರಶ್ನೆಗೂ ಎರಡನೆಯ ಉತ್ತರಕ್ಕೆ ಗುರುತು ಹಾಕಿ, ಹಾಳೆಯ ಹಿಂಬದಿಯಲ್ಲಿ ಎತ್ತಿನಗಾಡಿಯೊಂದನ್ನು ಬರೆದಿದ್ದ. ಗಾಲಿಯ ಅರಗಾಲುಗಳೂ ಎಣಿಸಿದಷ್ಟಿದ್ದವು. ಶಾಲೆಯ ಸರಾಸರಿ ಬೀಳಬಾರದು ಎಂದು ಅವನ ಹೆಸರಿನ ಮುಂದೆ ಗೈರು ಎಂದು ಬರೆಯಲು ಮೇಲಿನವರು ಹೇಳಿದರು. ಬರೆದೆ. ಅವನು ಇಡೀ ದಿನ ನನ್ನೆದುರೇ ಕೂತಿದ್ದ.

ಆದ್ದರಿಂದಲೇ, ಪರೀಕ್ಷೆಗಳನ್ನು ಬಿಟ್ಟುಬಿಡಿ, ಈ ಮಕ್ಕಳನ್ನು ಅಳೆಯುವುದೇ ಹಿಂಸೆ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಕೇಳಲು ಹಿತವಾಗಿದೆ. ಅಳೆಯುವುದನ್ನು ಬಿಟ್ಟರೆ ಉಳಿಯುವುದು ಮೇಷ್ಟರ ಮಾತು, ಅಂದರೆ ನನ್ನಂಥವರ ಮಾತು. ಅದು ಎಂಥದ್ದು ಎಂಬುದಕ್ಕೆ ಇನ್ನೊಂದು ದೀರ್ಘ ಅಧ್ಯಯನವೇ ಸಾಕ್ಷಿ ಹೇಳುತ್ತದೆ. 2000ದಿಂದ 2002ರ ನಡುವೆ ಬ್ರಿಟನ್ನಿನಲ್ಲಿ ಹುಟ್ಟಿದ ಸುಮಾರು 19 ಸಾವಿರ ಮಕ್ಕಳ ಮಿಲೇನಿಯಮ್ ಅಧ್ಯಯನದಲ್ಲಿ ಏಳನೆಯ ವರ್ಷಕ್ಕೆ ಎರಡು ಬಗೆಯ ಮಾಹಿತಿ ಇದೆ. ಸಮೀಕ್ಷೆಯವರೇ ಕೊಟ್ಟ ಪರೀಕ್ಷೆಯ ಅಂಕ ಒಂದು, ಈ ಮಗು ಓದಿನಲ್ಲಿ, ಲೆಕ್ಕದಲ್ಲಿ ಹೇಗೆ ಎಂದು ಶಿಕ್ಷಕರು ಹೇಳಿದ್ದು ಇನ್ನೊಂದು. ಟ್ಯಾಮಿ ಕ್ಯಾಂಪ್‌ಬೆಲ್ ಎಂಬ ಸಂಶೋಧಕಿ 2015ರಲ್ಲಿ ಇವೆರಡನ್ನೂ ಎದುರುಬದುರು ಇಟ್ಟು ನೋಡಿದರು. ಒಂದೇ ಅಂಕ ಪಡೆದ ಮಕ್ಕಳಲ್ಲೂ ವಿಶೇಷ ಅಗತ್ಯದ ಚೀಟಿ ಇರುವವರನ್ನು ಶಿಕ್ಷಕರು ಕಡಿಮೆ ಎಂದು ಎಣಿಸುವ ಸಾಧ್ಯತೆ ಹೆಚ್ಚಿತ್ತು. ಬಡ ಮನೆಯ ಮಕ್ಕಳ ವಿಷಯದಲ್ಲೂ ಹಾಗೇ. ಆ ಮಗುವಿನ ಪರವಾಗಿ ಅಲ್ಲಿ ಮಾತಾಡಿದ್ದು ಪರೀಕ್ಷೆ. ಅಂಕ ಇಲ್ಲದಿದ್ದರೆ ಶಿಕ್ಷಕರ ಅಂದಾಜಿಗೆ ಎದುರಾಡುವವರು ಯಾರೂ ಇರಲಿಲ್ಲ. ಆದರೆ ಆ ಸಾಕ್ಷಿ ನಿಲ್ಲಬೇಕಾದರೆ ಮಗು ಪರೀಕ್ಷೆಯನ್ನು ಬರೆಯಲು ಶಕ್ತವಾಗಿರಬೇಕು. ಜರ್ಮನಿಯ ಜರಡಿಯಿಂದ ಕೆಳಗೆ ಬಿದ್ದ ಮಗುವಿಗೆ ಸಾಕ್ಷಿಯೇ ಇಲ್ಲ. ನನಗೆ ಕಳವಳ ತರುವುದು ಇದು.

ಕನ್ನಡಕ್ಕೆ ಈ ಚರ್ಚೆ ಹೊರಗಿನದಲ್ಲ. ಬುದ್ಧಿಯ ಅಳತೆ ಎಂಬುದು 1905ರಲ್ಲಿ ಪ್ಯಾರಿಸ್ಸಿನಲ್ಲಿ ಬಿನೆ ಮಾಡಿದ ಪರೀಕ್ಷೆಯಿಂದ ಹೊರಟದ್ದು. ಶಾಲೆಯಲ್ಲಿ ಯಾವ ಮಕ್ಕಳಿಗೆ ಹೆಚ್ಚಿನ ಸಹಾಯ ಬೇಕು ಎಂದು ಕಂಡುಹಿಡಿಯುವುದೇ ಅದರ ಮೊದಲ ಉದ್ದೇಶವಾಗಿತ್ತು. ಅದನ್ನು 1930ರ ದಶಕದಲ್ಲಿ ವಿ. ವಿ. ಕಾಮತ್ ಅವರು ಧಾರವಾಡ ಸೀಮೆಯ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದರು. ಬಿನೆ-ಕಾಮತ್ ಪರೀಕ್ಷೆ ಎಂಬ ಆ ಹೆಸರು ನಮ್ಮ ಮನೋವೈದ್ಯರ ಕೋಣೆಗಳಲ್ಲಿ ಬಹುಕಾಲ ಉಳಿಯಿತು. ಅಂದಿನ ಧಾರವಾಡದ ಮಗುವನ್ನು ಕಣ್ಣ ಮುಂದಿಟ್ಟುಕೊಂಡ ಅಳತೆಯಿಂದ ಎಷ್ಟೋ ತಲೆಮಾರು ಆಮೇಲಿನ ಮಕ್ಕಳನ್ನು ಅಳೆದದ್ದರ ಸರಿತಪ್ಪು ಬೇರೆಯೇ ಲೇಖನ ಬೇಡುತ್ತದೆ.

ಓದಿನ ವಿಷಯಕ್ಕೆ ಬಂದರೆ ತೊಡಕು ಇನ್ನೂ ಸೂಕ್ಷ್ಮ. ಕನ್ನಡದ ಮಕ್ಕಳು ಓದಲು ಕಲಿಯುವ ವೇಗದ ಬಗ್ಗೆ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸುವುದು, ಅಕ್ಷರಜ್ಞಾನ ನಮ್ಮಲ್ಲಿ ನಿಧಾನವಾಗಿ, ಪ್ರಾಥಮಿಕ ಶಾಲೆಯ ಹಲವು ವರ್ಷಗಳಿಗೆ ಹಬ್ಬಿ ಬೆಳೆಯುತ್ತದೆ ಎಂದು. ಕಾಗುಣಿತ, ಒತ್ತಕ್ಷರ ಸೇರಿದರೆ ಕಣ್ಣಿಗೆ ಬೀಳುವ ರೂಪಗಳು ನೂರಾರು. ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳ ಲೆಕ್ಕದಲ್ಲಿ ಮಾಡಿದ ವೇಳಾಪಟ್ಟಿಯನ್ನು ತಂದು ಇಲ್ಲಿ ಹಿಡಿದರೆ, ಎರಡನೆಯ ತರಗತಿಯಲ್ಲಿ ಒತ್ತಕ್ಷರಕ್ಕೆ ಎಡವುವ ಸಹಜ ಮಗುವೂ ಕಲಿಕಾ ನ್ಯೂನತೆಯ ಮಗುವಿನಂತೆ ಕಾಣುತ್ತದೆ. ನಿಜಕ್ಕೂ ನ್ಯೂನತೆಯಿರುವ ಮಗು ಆ ಗುಂಪಿನಲ್ಲಿ ಕಳೆದುಹೋಗುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನೂ ತನ್ನ 21 ಬಗೆಗಳಲ್ಲಿ ಸೇರಿಸಿದ ಮೇಲೆ ಇದು ಬರೀ ಪಾಂಡಿತ್ಯದ ಪ್ರಶ್ನೆಯಲ್ಲ. ಪರೀಕ್ಷೆಗೆ ಹೆಚ್ಚಿನ ಸಮಯ ಯಾರಿಗೆ ಸಿಗುತ್ತದೆ ಎಂಬುದು ಇದರ ಮೇಲೆ ನಿಂತಿದೆ.

ನಮ್ಮಲ್ಲೂ ದೀರ್ಘ ಅಧ್ಯಯನಗಳಿವೆ. ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ 1997-98ರಲ್ಲಿ ಗರ್ಭಿಣಿಯರನ್ನು ಸೇರಿಸಿಕೊಂಡು ಶುರುವಾದ ಪಾರ್ಥೆನಾನ್ ಅಧ್ಯಯನ ಅವರ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿತು. ಒಂಬತ್ತು-ಹತ್ತನೆಯ ವಯಸ್ಸಿನಲ್ಲಿ ಅವರ ನೆನಪು, ಗಮನ, ಮಾತಿನ ಸರಾಗವನ್ನು ಇಲ್ಲಿಗೆ ಹೊಂದಿಸಿದ ಪರೀಕ್ಷೆಗಳಿಂದ ಅಳೆಯಿತು. ಸಕ್ಕರೆ ಕಾಯಿಲೆಯ, ಹೃದಯದ ಬೇರು ಹುಡುಕುವ ಅಧ್ಯಯನವಾದ್ದರಿಂದ ತೀವ್ರ ಜನ್ಮಜಾತ ನ್ಯೂನತೆಯಿದ್ದ ಕೆಲವು ಕೂಸುಗಳನ್ನು ಆರಂಭದಲ್ಲೇ ಬದಿಗಿಟ್ಟರು. ಆ ಪ್ರಶ್ನೆಗೆ ಅದು ಸರಿಯೇ. ಮುಂದೆ ಯಾರಾದರೂ ಅದೇ ಅಂಕಿಗಳಿಂದ ಮೈಸೂರಿನ ಮಕ್ಕಳ ಕಲಿಕೆಯ ಬಗ್ಗೆ ಮಾತಾಡುವಾಗ ಆ ಕೂಸುಗಳ ನೆನಪು ಇಟ್ಟುಕೊಳ್ಳಬೇಕು, ಅಷ್ಟೆ.

ಜರ್ಮನಿಯ ದತ್ತಾಂಶದ ಕಡತದಲ್ಲಿ ನನಗೆ ತುಂಬ ಇಷ್ಟವಾದ ಒಂದು ವಿವರವಿದೆ. ಖಾಲಿ ಜಾಗಗಳನ್ನು ಅಲ್ಲಿ ಖಾಲಿ ಬಿಡುವುದಿಲ್ಲ. ಉತ್ತರಿಸಲು ಒಪ್ಪಲಿಲ್ಲ ಎಂಬುದಕ್ಕೆ -97. ಗೊತ್ತಿಲ್ಲ ಎಂದದ್ದಕ್ಕೆ -98. ಸಮಯ ಸಾಲದೆ ಆ ಪ್ರಶ್ನೆಯವರೆಗೆ ತಲುಪಲೇ ಇಲ್ಲ ಎಂಬುದಕ್ಕೆ -94. ಆ ಪ್ರಶ್ನೆಯನ್ನು ಆ ಮಗುವಿಗೆ ಕೇಳುವ ಯೋಜನೆಯೇ ಇರಲಿಲ್ಲ ಎಂಬುದಕ್ಕೆ -54. ಮೌನಕ್ಕೆ ಇಷ್ಟು ಬಗೆಯ ಹೆಸರಿಟ್ಟ ಗುಮಾಸ್ತರ ಮೇಲೆ ನನಗೆ ಗೌರವವಿದೆ. ಕಡತ ತೆರೆದ ಹೆಚ್ಚಿನ ಸಂಶೋಧಕರು ಮೊದಲು ಮಾಡುವ ಕೆಲಸ ಒಂದು ಆಜ್ಞೆ ಕೊಟ್ಟು ಈ ಸಂಖ್ಯೆಗಳನ್ನೆಲ್ಲ ಒಂದೇ ಚುಕ್ಕೆಯಾಗಿಸುವುದು. ಚುಕ್ಕೆಗಳಿರುವ ಸಾಲುಗಳು ಆಮೇಲೆ ಲೆಕ್ಕಕ್ಕೆ ಬರುವುದಿಲ್ಲ. ಆ ಆಜ್ಞೆ ಕೊಡುವ ಮೊದಲು ವಿಶೇಷ ಶಾಲೆಯ ಮಕ್ಕಳಲ್ಲಿ -94 ಎಷ್ಟು, -97 ಎಷ್ಟು ಎಂದು ಎಣಿಸಿ, ಅದನ್ನೇ ಫಲಿತಾಂಶವಾಗಿ ಬರೆದ ಒಂದು ಪ್ರಬಂಧವನ್ನು ನಾನು ಓದಬಯಸುತ್ತೇನೆ. ಎಷ್ಟನೆಯ ಪ್ರಶ್ನೆಗೆ ಕೈ ನಿಂತಿತು, ಕಥೆಯಲ್ಲೋ ಜಾಹೀರಾತಿನಲ್ಲೋ, ಮುಂದಿನ ಸಲ ಅದೇ ಮಗು ಒಂದು ಪ್ರಶ್ನೆ ಮುಂದೆ ಹೋಯಿತೇ ಎಂದು. ನನ್ನ ಹಾಜರಿ ಪುಸ್ತಕದಲ್ಲಿ ಗೈರು ಎಂದು ಕೂತಿರುವ ಆ ಹುಡುಗನ ಹಾಳೆಯೂ ಸಿಕ್ಕಿದ್ದರೆ ಚೆನ್ನಾಗಿತ್ತು. ಅದರ ಹಿಂಬದಿಯನ್ನು ಯಾರೂ ನೋಡಲಿಲ್ಲ.